ಉಸಿರು ಕಟ್ಟಿದಾಗ ಕಣ್ಣಿನೊಳಗೆ ಆಗುವುದೇನು?

ಮಾರ್ಚ್ ತಿಂಗಳ ಗ್ಲಾಕೋಮಾ ಸಪ್ತಾಹದಲ್ಲಿ ಮಂಡ್ಯದ ಸಾರ್ವಜನಿಕ ಸಭೆಯೊಂದರಲ್ಲಿ ಕಣ್ಣಿನ ವೈದ್ಯನಾಗಿ ನಾನು ಆಡಿದ ಮಾತುಗಳ ಬರಹ ರೂಪ ಇದು. ಗ್ಲಾಕೋಮಾ ಎಂದರೆ ಕಣ್ಣಿನಿಂದ ಮೆದುಳಿಗೆ ಹೋಗುವ ದೃಷ್ಟಿನರ ಸವೆದು ನೋಟ ಕುಗ್ಗುತ್ತ ಹೋಗುವ ಕಾಯಿಲೆ; ಕಣ್ಣಿನೊಳಗಿನ ಒತ್ತಡ ಏರುವುದಕ್ಕೂ ಅದಕ್ಕೂ ನಂಟಿದೆ. ಮಾತಿನ ಓಟದಲ್ಲಿ ಬಿಟ್ಟುಹೋಗಿದ್ದ ಕೆಲವು ಅಂಕಿಗಳನ್ನು ಸೇರಿಸಿದ್ದೇನೆ. ಉಳಿದಂತೆ ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಇಟ್ಟಿದ್ದೇನೆ.

ಹೋದ ವರ್ಷ ಪಾಂಡವಪುರದ ಕಡೆಯ ರೈತರೊಬ್ಬರು ಮಗನ ಜೊತೆ ಮೈಸೂರಿಗೆ ನನ್ನಲ್ಲಿಗೆ ಬಂದಿದ್ದರು. ಅರವತ್ತು ದಾಟಿದ ವಯಸ್ಸು. ಕನ್ನಡಕ ಬದಲಾಯಿಸಲು ಹೋದ ಕಡೆ ಯಾರೋ ‘ಕಣ್ಣಿನ ಪ್ರೆಷರ್ ಜಾಸ್ತಿ ಇದೆ, ಇನ್ನು ಮೇಲೆ ಭಾರ ಎತ್ತಬೇಡಿ’ ಎಂದು ಹೇಳಿ ಕಳಿಸಿದ್ದರಂತೆ. ಆ ಒಂದು ಮಾತಿಗೆ ಅವರು ಎರಡು ತಿಂಗಳಿಂದ ಮೇವಿನ ಹೊರೆ ಮುಟ್ಟಿರಲಿಲ್ಲ, ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಅವರನ್ನು ಒತ್ತಡ ಅಳೆಯುವ ಯಂತ್ರದ ಮುಂದೆ ಕೂರಿಸಿದೆ. ಗಲ್ಲವನ್ನು ಕೆಳಗಿನ ಪಟ್ಟಿಯ ಮೇಲಿಟ್ಟು, ಹಣೆಯನ್ನು ಮೇಲಿನ ಪಟ್ಟಿಗೆ ಒತ್ತಿಸಿ, ಹಳದಿ ಔಷಧ ಹಾಕಿದ ಕಣ್ಣಿಗೆ ನೀಲಿ ಬೆಳಕು ಬಿಟ್ಟಾಗ ನಮಗೆ ಎರಡು ಹಸಿರು ಅರ್ಧವೃತ್ತಗಳು ಕಾಣುತ್ತವೆ. ಅವುಗಳ ಒಳ ಅಂಚುಗಳು ಒಂದಕ್ಕೊಂದು ತಾಗುವಂತೆ ಗುಂಡಿ ತಿರುಗಿಸಿದಾಗ ಬರುವ ಅಂಕಿಯೇ ಕಣ್ಣಿನ ಒತ್ತಡ. ಅವರದು 26 ಬಂತು. ಆದರೆ ಅರ್ಧವೃತ್ತಗಳು ಒಂದು ಕಡೆ ನಿಲ್ಲುತ್ತಿರಲಿಲ್ಲ, ಸರಿಯುತ್ತಲೇ ಇದ್ದವು. ತಲೆ ಎತ್ತಿ ನೋಡಿದೆ. ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ ಮೇಜಿನ ಹಿಡಿಯನ್ನು ಹಿಡಿದಿದ್ದರು. ಅಂಗಿಯ ಮೇಲಿನ ಗುಂಡಿ ಹಾಕಿ, ಅದರ ಮೇಲೆ ಟವೆಲ್ಲು ಸುತ್ತಿಕೊಂಡಿದ್ದರು. ಹೊಟ್ಟೆ ಮೇಜಿನ ಅಂಚಿಗೆ ಒತ್ತಿಕೊಂಡಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅವರು ಉಸಿರಾಡುತ್ತಿರಲಿಲ್ಲ. “ಗೌಡ್ರೇ, ಉಸಿರು ಬಿಡಿ” ಎಂದೆ. ಟವೆಲ್ಲು ತೆಗೆಸಿ, ಗುಂಡಿ ಬಿಚ್ಚಿಸಿ, ಕುರ್ಚಿಯನ್ನು ಸ್ವಲ್ಪ ಎತ್ತರಿಸಿ, ಐದು ನಿಮಿಷ ಬಿಟ್ಟು ಮತ್ತೆ ಅಳೆದೆ. 18 ಬಂತು. ಎರಡು ಅಂಕಿಗಳ ನಡುವೆ ಒಂದು ತೊಟ್ಟು ಔಷಧವೂ ಬಿದ್ದಿರಲಿಲ್ಲ. ಆಮೇಲೆ ಅವರ ದೃಷ್ಟಿನರವನ್ನೂ ದೃಷ್ಟಿಯ ವಿಸ್ತಾರವನ್ನೂ ಪರೀಕ್ಷಿಸಿದಾಗ ಗ್ಲಾಕೋಮಾದ ಸುಳಿವೇ ಇರಲಿಲ್ಲ.

ಆ ಎಂಟು ಅಂಕಿಗಳು ಎಲ್ಲಿಂದ ಬಂದವು, ಎಲ್ಲಿಗೆ ಹೋದವು ಎಂಬುದೇ ಇಂದಿನ ನನ್ನ ವಿಷಯ. ಕಣ್ಣಿನ ಒತ್ತಡದ ಮಾತು ಬಂದಾಗಲೆಲ್ಲ ನಾವು ಭಾರವನ್ನು ದೂರುತ್ತೇವೆ, ಕೆಲಸವನ್ನು ದೂರುತ್ತೇವೆ, ಆಸನವನ್ನು ದೂರುತ್ತೇವೆ. ಆ ಕೆಲಸ ಮಾಡುವಾಗ ಉಸಿರನ್ನು ಏನು ಮಾಡಿದೆವು ಎಂದು ಕೇಳಿಕೊಳ್ಳುವವರು ಕಡಿಮೆ. ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಮಾತೊಂದಿದೆ: ತಿಣುಕುವುದು. ಮೂಟೆ ಎತ್ತುವಾಗಲೂ ತಿಣುಕುತ್ತೇವೆ, ಮಲಬದ್ಧತೆ ಇದ್ದಾಗಲೂ ತಿಣುಕುತ್ತೇವೆ. ಎರಡಕ್ಕೂ ಒಂದೇ ಮಾತನ್ನು ಇಟ್ಟ ನಮ್ಮ ಹಿರಿಯರು ಒಳಗೆ ನಡೆಯುವ ಕ್ರಿಯೆ ಒಂದೇ ಎಂಬುದನ್ನು ಗಮನಿಸಿದ್ದರು ಎಂದೇ ನನಗೆ ಅನಿಸುತ್ತದೆ. ಎದೆ ತುಂಬ ಗಾಳಿ ಎಳೆದು, ಗಂಟಲಿನ ಬಾಗಿಲು ಮುಚ್ಚಿ, ಆ ಮುಚ್ಚಿದ ಬಾಗಿಲಿನ ವಿರುದ್ಧ ಉಸಿರನ್ನು ಹೊರದೂಡಲು ಯತ್ನಿಸುವುದು, ಅಷ್ಟೇ. ವೈದ್ಯಶಾಸ್ತ್ರದಲ್ಲಿ ಇದನ್ನು ವಾಲ್ಸಾಲ್ವಾ ಕ್ರಿಯೆ ಎನ್ನುತ್ತಾರೆ. 1666ರಿಂದ 1723ರವರೆಗೆ ಬದುಕಿದ್ದ ಇಟಲಿಯ ಅಂಗರಚನಾ ತಜ್ಞ ಆಂಟೋನಿಯೋ ಮರಿಯಾ ವಾಲ್ಸಾಲ್ವಾ ಅವರು ಕಿವಿಯನ್ನು ಕುರಿತು 1704ರಲ್ಲಿ ಬರೆದಾಗ ಇದನ್ನು ವಿವರಿಸಿದ್ದರು. ಮೂಗು ಬಾಯಿ ಮುಚ್ಚಿ ಗಾಳಿ ದೂಡಿದರೆ ನಡುಗಿವಿಯಲ್ಲಿ ಕಟ್ಟಿದ ಕೀವು ಹೊರಬರುತ್ತದೆ ಎಂಬುದು ಅವರ ಉದ್ದೇಶವಾಗಿತ್ತು. ಕಣ್ಣಿನ ಮಾತು ಅಲ್ಲಿಗೆ ಬಂದು ಸೇರಿದ್ದು ಬಹಳ ತಡವಾಗಿ.

ಈಗ ಕಣ್ಣಿನೊಳಗೆ ಹೋಗೋಣ. ನಮ್ಮ ಕಣ್ಣುಗುಡ್ಡೆ ಸುಮಾರು 24 ಮಿಲಿಮೀಟರ್ ಅಡ್ಡಳತೆಯ, ಗಟ್ಟಿ ಬಿಳಿಯ ಕವಚವುಳ್ಳ ಚೆಂಡು. ಅದು ಚೆಂಡಿನ ಆಕಾರದಲ್ಲಿ ಉಳಿಯಬೇಕಾದರೆ ಒಳಗೆ ಒಂದಿಷ್ಟು ಒತ್ತಡ ಇರಲೇಬೇಕು; ಸಾಮಾನ್ಯವಾಗಿ ಅದು ಪಾದರಸದ 10ರಿಂದ 21 ಮಿಲಿಮೀಟರ್‌ವರೆಗೆ ಇರುತ್ತದೆ. ಈ ಒತ್ತಡವನ್ನು ಕಾಯುವುದು ಕಣ್ಣಿನ ಮುಂಭಾಗದಲ್ಲಿ ಹರಿಯುವ ತಿಳಿನೀರು. ಕಣ್ಣೀರಿಗೂ ಇದಕ್ಕೂ ಸಂಬಂಧವಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ‘ಅತ್ತರೆ ಪ್ರೆಷರ್ ಇಳಿಯುತ್ತದೆಯೇ’ ಎಂದು ಕೇಳಿದವರಿದ್ದಾರೆ. ಈ ತಿಳಿನೀರು ಪಾಪೆಯ ಹಿಂದಿನ ಅಂಗಾಂಶದಲ್ಲಿ ನಿಮಿಷಕ್ಕೆ ಸುಮಾರು ಎರಡೂವರೆ ಮೈಕ್ರೋಲೀಟರ್‌ನಷ್ಟು ಜಿನುಗುತ್ತದೆ. ನೀವು ಕಣ್ಣಿಗೆ ಹಾಕಿಕೊಳ್ಳುವ ಔಷಧದ ಒಂದು ಹನಿ ಸುಮಾರು 50 ಮೈಕ್ರೋಲೀಟರ್ ಎಂದಿಟ್ಟುಕೊಂಡರೆ, ಅಂಥ ಒಂದು ಹನಿಯಷ್ಟು ನೀರು ಕಣ್ಣಿನೊಳಗೆ ಹುಟ್ಟಲು 20 ನಿಮಿಷ ಬೇಕು. ಹುಟ್ಟಿದ ನೀರು ಪಾಪೆಯ ಮೂಲಕ ಮುಂದೆ ಬಂದು, ಕಪ್ಪು ಗುಡ್ಡೆಯ ಅಂಚಿನ ಮೂಲೆಯಲ್ಲಿರುವ ಜರಡಿಯಂಥ ಜಾಲರಿಯಲ್ಲಿ ಸೋಸಿ, ಶ್ಲೆಮ್ ಕಾಲುವೆ ಎಂಬ ಸೂಕ್ಷ್ಮ ನಾಳವನ್ನು ಸೇರಿ, ಅಲ್ಲಿಂದ ಬಿಳಿಗುಡ್ಡೆಯ ಮೇಲಿನ ರಕ್ತನಾಳಗಳಿಗೆ ಇಳಿಯುತ್ತದೆ. ಆ ರಕ್ತನಾಳಗಳಲ್ಲಿಯೂ 8ರಿಂದ 10 ಮಿಲಿಮೀಟರ್‌ನಷ್ಟು ಒತ್ತಡ ಇದ್ದೇ ಇರುತ್ತದೆ. ಕಣ್ಣಿನೊಳಗಿನ ನೀರು ಅದನ್ನು ಮೀರಿಯೇ ಹೊರಹೋಗಬೇಕು.

ವಿಶ್ವೇಶ್ವರಯ್ಯ ನಾಲೆಯ ನೀರನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಮುಂದಿನ ತೂಬಿನಲ್ಲಿ ನೀರು ನಿಂತರೆ ಹಿಂದಿನ ನಾಲೆಯಲ್ಲಿ ಮಟ್ಟ ಏರುತ್ತದೆ. ತಿಣುಕಿದಾಗ ಎದೆಯೊಳಗಿನ ಒತ್ತಡ ಏರಿ, ತಲೆಯಿಂದ ಹೃದಯಕ್ಕೆ ಇಳಿಯಬೇಕಾದ ಮಲಿನ ರಕ್ತ ಕತ್ತಿನಲ್ಲೇ ತಡೆಯುತ್ತದೆ. ಕತ್ತಿನ ದಪ್ಪ ನಾಳ ಉಬ್ಬುವುದನ್ನು ನೀವೇ ನೋಡಿರುತ್ತೀರಿ. ‘ಕತ್ತಿನ ನರ ಉಬ್ಬಿತು’ ಎಂದು ನಾವು ಹೇಳುವಾಗ ಅಲ್ಲಿ ನರ ಎಂದರೆ ರಕ್ತನಾಳ. ಮುಂದೆ ನಾನು ದೃಷ್ಟಿನರ ಎಂದು ಹೇಳುವಾಗ ಅದು ಕಣ್ಣಿನ ಸಂದೇಶವನ್ನು ಮೆದುಳಿಗೆ ಒಯ್ಯುವ ತಂತು. ಎರಡನ್ನೂ ಬೇರೆಯಾಗಿ ನೆನಪಿಟ್ಟುಕೊಳ್ಳಿ. ಕಣ್ಣಿನ ಗೂಡಿನಿಂದ ಕತ್ತಿನ ಕಡೆಗೆ ಬರುವ ನಾಳಗಳಲ್ಲಿ, ಕಾಲಿನ ನಾಳಗಳಲ್ಲಿರುವಂತೆ ಹಿಂದಕ್ಕೆ ಹರಿಯದ ಹಾಗೆ ತಡೆಯುವ ಕವಾಟಗಳ ಬಂದೋಬಸ್ತು ಇಲ್ಲ. ಆದ್ದರಿಂದ ಕತ್ತಿನಲ್ಲಿ ತಡೆದ ಒತ್ತಡ ನೇರವಾಗಿ ಕಣ್ಣಿನವರೆಗೆ ಹಿಮ್ಮೆಟ್ಟುತ್ತದೆ.

ಆದರೆ ನಾಲೆಯ ಹೋಲಿಕೆ ಇಲ್ಲಿಗೆ ಸಾಲುವುದಿಲ್ಲ, ಮತ್ತು ಅದು ಎಲ್ಲಿ ಸಾಲುವುದಿಲ್ಲ ಎಂಬುದೇ ಈ ವಿಷಯದ ತಿರುಳು. ಲೆಕ್ಕ ಹಾಕಿ ನೋಡಿ. ಹತ್ತು ಸೆಕೆಂಡು ತಿಣುಕಿದಿರಿ, ನೀರು ಹೊರಹೋಗುವ ದಾರಿ ಪೂರ್ತಿ ಮುಚ್ಚಿತು ಎಂದೇ ಇಟ್ಟುಕೊಳ್ಳೋಣ. ಆ ಹತ್ತು ಸೆಕೆಂಡಿನಲ್ಲಿ ಹೊಸದಾಗಿ ಹುಟ್ಟುವ ನೀರು ಅರ್ಧ ಮೈಕ್ರೋಲೀಟರ್ ಕೂಡ ಆಗುವುದಿಲ್ಲ. ಅಷ್ಟರಿಂದ ಒತ್ತಡ ತಟ್ಟನೆ ಏರಲಾರದು. ಏರಿಸುವುದು ರಕ್ತ. ಬಿಳಿ ಕವಚಕ್ಕೂ, ಬೆಳಕನ್ನು ಗ್ರಹಿಸುವ ಒಳಪದರವಾದ ಅಕ್ಷಿಪಟಲಕ್ಕೂ ನಡುವೆ ಕೋರಾಯ್ಡ್ ಎಂಬ ಪದರವಿದೆ; ಅದು ರಕ್ತನಾಳಗಳೇ ಒತ್ತಾಗಿ ಹೆಣೆದುಕೊಂಡ ಸ್ಪಂಜು, ಕಣ್ಣಿಗೆ ಬರುವ ರಕ್ತದ ಬಹುಪಾಲು ಅಲ್ಲಿಯೇ ಹರಿಯುತ್ತದೆ. ಹೊರಹೋಗುವ ದಾರಿಯಲ್ಲಿ ತಡೆ ಬಂದ ಕೂಡಲೇ ಈ ಸ್ಪಂಜು ರಕ್ತ ತುಂಬಿಕೊಂಡು ದಪ್ಪವಾಗುತ್ತದೆ. ಹೊರಗಿನ ಕವಚ ಹಿಗ್ಗುವುದಿಲ್ಲ, ಒಳಗಿನ ನೀರು ಕುಗ್ಗುವುದಿಲ್ಲ. ಹಾಗಾಗಿ ಕೆಲವೇ ಮೈಕ್ರೋಲೀಟರ್ ಹೆಚ್ಚುವರಿ ರಕ್ತ ಸೇರಿದರೂ ಒತ್ತಡ ಮೇಲೇಳುತ್ತದೆ. ಉಸಿರು ಬಿಟ್ಟ ಕ್ಷಣ ರಕ್ತ ಇಳಿದುಹೋಗುತ್ತದೆ, ಒತ್ತಡವೂ ಕೆಲವು ಸೆಕೆಂಡುಗಳಲ್ಲಿ ಹಳೆಯ ಜಾಗಕ್ಕೆ ಬರುತ್ತದೆ. ಗೌಡರ ಕಣ್ಣಿನ ಎಂಟು ಅಂಕಿಗಳು ಬಂದದ್ದೂ ಹೋದದ್ದೂ ಹೀಗೆ. ಕಣ್ಣಿನ ಒತ್ತಡ ಅಳೆಸಿಕೊಳ್ಳುವಾಗ ಉಸಿರು ಬಿಗಿಹಿಡಿಯಬಾರದು, ಬಿಗಿಯಾದ ಕಾಲರ್ ಇರಬಾರದು ಎಂದು ನಾವು ಹೇಳುವುದು ಇದೇ ಕಾರಣಕ್ಕೆ. ಕತ್ತಿಗೆ ಬಿಗಿದ ಟೈ ಕೂಡ ಕಣ್ಣಿನ ಒತ್ತಡವನ್ನು ಏರಿಸುತ್ತದೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ತೋರಿಸಿತು.

ಉಸಿರು ನಿಲ್ಲಿಸುವುದೂ ತಿಣುಕುವುದೂ ಒಂದೇ ಎಂದು ಭಾವಿಸಿದವರು ಬಹಳ. ಅದು ಸರಿಯಲ್ಲ. ನೀವು ಆರಾಮವಾಗಿ ಕುಳಿತು, ಉಸಿರು ಒಳಗೆಳೆದು, ಎದೆ ಹೊಟ್ಟೆಗಳನ್ನು ಬಿಗಿಯದೆ ಸುಮ್ಮನೆ ನಿಲ್ಲಿಸಿದರೆ ಎದೆಯೊಳಗಿನ ಒತ್ತಡ ಹೆಚ್ಚೇನೂ ಏರುವುದಿಲ್ಲ, ಕತ್ತಿನ ನಾಳ ಉಬ್ಬುವುದಿಲ್ಲ. ಏರುವುದು ಮುಚ್ಚಿದ ಗಂಟಲಿನ ವಿರುದ್ಧ ಬಲ ಹಾಕಿದಾಗ. ಪ್ರಯೋಗಾಲಯದಲ್ಲಿ ಈ ಕ್ರಿಯೆಯನ್ನು ಪರೀಕ್ಷಿಸುವಾಗ ನಳಿಕೆಯೊಂದಕ್ಕೆ ಊದಿಸಿ, ಪಾದರಸದ ಮಟ್ಟವನ್ನು 40 ಮಿಲಿಮೀಟರ್‌ಗೆ ಏರಿಸಿ, 15 ಸೆಕೆಂಡು ಅಲ್ಲಿಯೇ ಹಿಡಿಸುತ್ತಾರೆ. ಪ್ರಾಣಾಯಾಮ ಮಾಡುವವರು ಕುಂಭಕದ, ಅಂದರೆ ಉಸಿರನ್ನು ತಡೆದು ನಿಲ್ಲಿಸುವುದರ ಬಗ್ಗೆ ನನ್ನನ್ನು ಕೇಳುತ್ತಲೇ ಇರುತ್ತಾರೆ. ಮುಖ ಕೆಂಪಾಗದೆ, ಕತ್ತು ಬಿಗಿಯದೆ, ತಮ್ಮ ಶಕ್ತಿಯ ಒಳಗೆ ಮಾಡುವ ಅಲ್ಪ ಕುಂಭಕಕ್ಕೂ, ಎಣಿಕೆ ಮುಗಿಸಲೇಬೇಕೆಂದು ಹಟ ಹಿಡಿದು ಮುಖ ಊದಿಸಿಕೊಂಡು ಮಾಡುವ ಕುಂಭಕಕ್ಕೂ ಕಣ್ಣಿನ ಮಟ್ಟಿಗೆ ಬಹಳ ಅಂತರವಿದೆ. ಗ್ಲಾಕೋಮಾ ಇರುವವರಿಗೆ ಎರಡನೆಯದು ಬೇಡ.

ಮೈಸೂರಿನ ಗರಡಿಮನೆಗಳ ಮಾತಿಗೆ ಬರುತ್ತೇನೆ. ದಸರಾ ಕುಸ್ತಿಯ ಊರಿನಲ್ಲಿ ಬೆಳೆದವನಿಗೆ ಇದನ್ನು ಬಿಟ್ಟು ಮುಂದೆ ಹೋಗಲಾಗುವುದಿಲ್ಲ. ಹುಡುಗನಾಗಿದ್ದಾಗ ನಮ್ಮ ಮನೆಯ ಹತ್ತಿರದ ಗರಡಿಯ ಮಟ್ಟಿಯ ಪಕ್ಕ ಕುಳಿತು ನೋಡುತ್ತಿದ್ದೆ. ದಂಡ ಹೊಡೆಯುವಾಗ, ಬಸ್ಕಿ ತೆಗೆಯುವಾಗ, ಗದೆ ತಿರುಗಿಸುವಾಗ ಹಳೆಯ ಪೈಲ್ವಾನರು ಪ್ರತಿ ಸಲವೂ ‘ಹುಂ’ ಎಂದು ಉಸಿರು ಹೊರಬಿಡುತ್ತಿದ್ದರು. ಹೊಸದಾಗಿ ಸೇರಿದ ಹುಡುಗ ಬಾಯಿ ಬಿಗಿದು ಕಲ್ಲುಗುಂಡು ಎತ್ತಲು ಹೋದರೆ ಉಸ್ತಾದರು ಅವನ ಬೆನ್ನಿಗೊಂದು ಏಟು ಹಾಕಿ “ದಮ್ಮು ಕಟ್ಟಬೇಡ್ವೋ, ಬಿಡು” ಎನ್ನುತ್ತಿದ್ದರು. ಆಗ ಅದು ನನಗೆ ಗದರಿಕೆಯಾಗಿ ಮಾತ್ರ ಕೇಳಿಸಿತ್ತು. 2006ರಲ್ಲಿ ಬ್ರೆಜಿಲ್‌ನ ನೇತ್ರತಜ್ಞರು ಮೂವತ್ತು ಮಂದಿ ಆರೋಗ್ಯವಂತ ಯುವಕರನ್ನು ಬೆಂಚಿನ ಮೇಲೆ ಮಲಗಿಸಿ ಭಾರ ಎತ್ತಿಸಿ, ಎತ್ತುವಾಗಲೇ ಕಣ್ಣಿನ ಒತ್ತಡ ಅಳೆದರು. ಕೊನೆಯ ಎತ್ತುವಿಕೆಯಲ್ಲಿ ಉಸಿರು ಕಟ್ಟಿದಾಗ ಸರಾಸರಿ 4.3 ಮಿಲಿಮೀಟರ್ ಏರಿತು. ಉಸಿರನ್ನು ಸಹಜವಾಗಿ ಬಿಡುತ್ತ ಎತ್ತಿದಾಗ ಏರಿಕೆ 2.2ಕ್ಕೆ ನಿಂತಿತು. ಬಹುತೇಕ ಅರ್ಧಕ್ಕೆ ಅರ್ಧ. ಉಸ್ತಾದರ ಮಾತಿಗೆ ಅಂಕಿಯ ರೂಪ ಸಿಕ್ಕಿತು ಎಂದು ಆ ವರದಿ ಓದಿದ ದಿನ ನನಗೆ ಬಹಳ ಸಂತೋಷವಾಗಿತ್ತು. ಸರಾಸರಿ ನಾಲ್ಕು ಎಂದರೆ ಕೆಲವರಲ್ಲಿ ಅದಕ್ಕಿಂತ ಬಹಳ ಹೆಚ್ಚು ಎಂಬುದನ್ನೂ ಗಮನಿಸಬೇಕು. ಇಂದಿನ ಜಿಮ್‌ಗಳಲ್ಲಿ ಕಾಲಿನಿಂದ ಅತಿ ಭಾರ ಒತ್ತುವ ವ್ಯಾಯಾಮ ಮಾಡುವಾಗ ತೋಳಿನ ರಕ್ತದೊತ್ತಡವೇ 300ನ್ನು ದಾಟಿದ್ದು 1985ರಷ್ಟು ಹಿಂದೆಯೇ ದಾಖಲಾಗಿದೆ. ಅಂಥ ಹೊತ್ತಿನಲ್ಲಿ ದೇಹದ ಅತಿ ಸಣ್ಣ ನಾಳಗಳ ಸ್ಥಿತಿಯನ್ನು ಊಹಿಸಿಕೊಳ್ಳಿ.

ಯೋಗದ ವಿಷಯವನ್ನು ಮೈಸೂರು ಸೀಮೆಯಲ್ಲಿ ನಿಂತು ಎಚ್ಚರಿಕೆಯಿಂದ ಮಾತಾಡಬೇಕು. 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ನಡೆಸಿದ ಯೋಗಶಾಲೆಯಿಂದ ಹೊರಟ ಪರಂಪರೆ ಇಂದು ಲೋಕದ ಮೂಲೆಮೂಲೆಗೆ ಹೋಗಿದೆ, ಲೋಕವೂ ಯೋಗ ಕಲಿಯಲು ಮೈಸೂರಿನ ಗೋಕುಲಂ ಬಡಾವಣೆಗೆ ಬರುತ್ತಿದೆ. ಆ ಪರಂಪರೆಯ ಬಗ್ಗೆ ನನಗೆ ಗೌರವವಿದೆ, ಮತ್ತು ಬೆಳಗ್ಗೆ ನಾನೂ ಸೂರ್ಯ ನಮಸ್ಕಾರ ಮಾಡುವವನೇ. ಆದರೂ ಹೇಳಲೇಬೇಕಾದ ಸಂಗತಿಯೊಂದಿದೆ. ಶೀರ್ಷಾಸನದಲ್ಲಿ ತಿಣುಕುವುದು ಇಲ್ಲ, ಉಸಿರು ಸರಾಗವಾಗಿಯೇ ಇರುತ್ತದೆ. ಆದರೆ ಕಣ್ಣು ಹೃದಯಕ್ಕಿಂತ ಬಹಳ ಕೆಳಗೆ ಹೋಗುವುದರಿಂದ ರಕ್ತದ ತೂಕವೇ ಕೋರಾಯ್ಡ್‌ ಅನ್ನು ತುಂಬಿಬಿಡುತ್ತದೆ. ಚೆನ್ನೈನ ನೇತ್ರತಜ್ಞರು ಅನುಭವಿ ಯೋಗಾಭ್ಯಾಸಿಗಳ ಕಣ್ಣನ್ನು ಶೀರ್ಷಾಸನದಲ್ಲಿಯೇ ಅಳೆದು 2006ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಒತ್ತಡ ಸುಮಾರು ಎರಡು ಪಟ್ಟು ಆಗುತ್ತದೆ. ವರ್ಷಗಟ್ಟಲೆ ಅಭ್ಯಾಸ ಮಾಡಿದವರಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಅಧೋಮುಖ ಶ್ವಾನಾಸನ, ಉತ್ತಾನಾಸನ, ಹಲಾಸನ, ವಿಪರೀತ ಕರಣಿ, ಈ ನಾಲ್ಕನ್ನು ಅಳೆದ 2015ರ ಇನ್ನೊಂದು ಅಧ್ಯಯನದಲ್ಲಿ ನಾಲ್ಕರಲ್ಲಿಯೂ ಒತ್ತಡ ಏರಿತು, ಅತಿ ಹೆಚ್ಚು ಏರಿದ್ದು ಅಧೋಮುಖ ಶ್ವಾನಾಸನದಲ್ಲಿ. ಕಣ್ಣು ಆರೋಗ್ಯವಾಗಿರುವವರು ಇದನ್ನು ಕೇಳಿ ಚಾಪೆ ಮಡಿಸಿಡಬೇಕಾಗಿಲ್ಲ. ಗ್ಲಾಕೋಮಾ ಇದೆ ಎಂದು ಗೊತ್ತಾದವರು ಮಾತ್ರ ತಲೆ ಕೆಳಗಾಗುವ ಆಸನಗಳನ್ನು ಬಿಟ್ಟು, ಉಳಿದ ಆಸನಗಳನ್ನು ಮುಂದುವರಿಸಬೇಕು, ಮತ್ತು ತಮ್ಮ ಗುರುಗಳಿಗೆ ಸಂಕೋಚವಿಲ್ಲದೆ ಕಾಯಿಲೆಯ ವಿಷಯ ಹೇಳಬೇಕು.

ಊದುವ ವಾದ್ಯಗಳದೂ ಇದೇ ಕಥೆ. ಓಬೋ, ಟ್ರಂಪೆಟ್‌ನಂಥ ಹೆಚ್ಚು ಬಲ ಹಾಕಿ ಊದಬೇಕಾದ ವಾದ್ಯಗಳನ್ನು ನುಡಿಸುವವರಲ್ಲಿ ನುಡಿಸುವ ಹೊತ್ತಿನಲ್ಲಿ ಕಣ್ಣಿನ ಒತ್ತಡ ಏರುವುದನ್ನು ಅಮೆರಿಕದ ತಜ್ಞರು 2000ದಲ್ಲಿ ವರದಿ ಮಾಡಿದರು. ನಮ್ಮ ನಾಗಸ್ವರವೂ ಓಬೋದಂತೆ ಎರಡು ಎಸಳುಗಳ ಪೀಪಿಯ ಮೂಲಕ ಊದುವ ವಾದ್ಯ. ಮದುವೆ ಸುಗ್ಗಿಯಲ್ಲಿ ದಿನಕ್ಕೆ ನಾಲ್ಕೈದು ಗಂಟೆ ವಾಲಗ ಊದುವವರು ನಲವತ್ತು ದಾಟಿದ ಮೇಲೆ ವರ್ಷಕ್ಕೊಮ್ಮೆಯಾದರೂ ಕಣ್ಣಿನ ಒತ್ತಡವನ್ನೂ ದೃಷ್ಟಿನರವನ್ನೂ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು ಎಂದು ನಾನು ಹೇಳುವುದು ಇದರಿಂದಾಗಿ.

ಹಾಗಾದರೆ ಈ ಏರಿಳಿತದಿಂದ ಕಣ್ಣಿಗೆ ಕೆಡುಕೇ? ಆರೋಗ್ಯವಂತ ಕಣ್ಣು ದಿನವಿಡೀ ಏರಿಳಿತಗಳ ನಡುವೆಯೇ ಬಾಳುತ್ತದೆ. ರೆಪ್ಪೆ ಮಿಟುಕಿಸಿದರೂ ಹತ್ತು ಮಿಲಿಮೀಟರ್ ಏರಿ ಇಳಿಯುತ್ತದೆ. ಕಣ್ಣನ್ನು ಬಲವಾಗಿ ಹಿಂಡಿ ಮುಚ್ಚಿದರೆ 50ನ್ನೂ ದಾಟುತ್ತದೆ. ಕ್ಷಣ ಮಾತ್ರದ ಏರಿಕೆಯನ್ನು ತಡೆದುಕೊಳ್ಳುವಂತೆಯೇ ಕಣ್ಣು ಕಟ್ಟಲ್ಪಟ್ಟಿದೆ. ಕಾಳಜಿ ಬೇಕಾಗಿರುವುದು ದೃಷ್ಟಿನರ ಈಗಾಗಲೇ ಸವೆದಿರುವವರ ವಿಷಯದಲ್ಲಿ. ದೃಷ್ಟಿನರದ ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳು ಕಣ್ಣಿನ ಹಿಂಭಾಗದಲ್ಲಿ ಜರಡಿಯಂಥ ತಟ್ಟೆಯೊಂದರ ತೂತುಗಳ ಮೂಲಕ ಹೊರಬರುತ್ತವೆ. ಆ ತಟ್ಟೆಯ ಮುಂದೆ ಕಣ್ಣಿನ ಒತ್ತಡ, ಹಿಂದೆ ಮೆದುಳಿನ ಸುತ್ತಲಿನ ದ್ರವದ ಒತ್ತಡ. ತಿಣುಕಿದಾಗ ಎರಡೂ ಕಡೆ ಏರುತ್ತದೆ. ಹಿಂದಿನ ಒತ್ತಡ ಮುಂದಿನದಕ್ಕಿಂತ ಹೆಚ್ಚು ಏರಿದ್ದನ್ನು ಬೀಜಿಂಗ್‌ನ ಅಧ್ಯಯನವೊಂದು ಕಂಡುಕೊಂಡಿದೆ. ಆದ್ದರಿಂದ ‘ಕಣ್ಣಿನ ಒತ್ತಡ ಇಷ್ಟು ಏರಿತು, ನರಕ್ಕೆ ಇಷ್ಟು ಪೆಟ್ಟು’ ಎಂಬ ನೇರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆದರೂ ಬಹಳಷ್ಟು ಎಳೆಗಳನ್ನು ಕಳೆದುಕೊಂಡವರು, ಉಳಿದ ಎಳೆಗಳ ಮೇಲೆ ದಿನಕ್ಕೆ ನೂರು ಸಲ ಈ ತಗ್ಗುದಿಣ್ಣೆ ಹಾಯುವಂತೆ ಮಾಡದಿರುವುದೇ ವಿವೇಕ ಎಂಬುದು ನನ್ನ ತೀರ್ಮಾನ.

ಇನ್ನೊಂದು ಗುಂಪಿನವರಿಗೆ ಎಚ್ಚರಿಕೆ ಹೆಚ್ಚು ಬೇಕು. ನೀರು ಸೋಸುವ ಮೂಲೆ ರಚನೆಯಲ್ಲಿಯೇ ಕಿರಿದಾಗಿರುವ ಕಣ್ಣುಗಳಿವೆ. ತಿಣುಕುವಾಗ ಈ ಮೂಲೆ ಇನ್ನಷ್ಟು ಕಿರಿದಾಗುವುದನ್ನು ದೆಹಲಿಯ ಏಮ್ಸ್ ವೈದ್ಯರು ಸೂಕ್ಷ್ಮ ಅಲ್ಟ್ರಾಸೌಂಡ್‌ನಿಂದ ತೋರಿಸಿದ್ದಾರೆ. ಇಂಥವರಲ್ಲಿ ಮೂಲೆ ಪೂರ್ತಿ ಮುಚ್ಚಿಕೊಂಡರೆ ಕಣ್ಣು ಕೆಂಪಾಗಿ, ತಲೆ ಸಿಡಿದು, ವಾಂತಿಯಾಗಿ, ದೀಪದ ಸುತ್ತ ಕಾಮನಬಿಲ್ಲಿನ ಬಳೆಗಳು ಕಾಣುತ್ತವೆ. ವಾಂತಿಯನ್ನು ಪಿತ್ತವೆಂದು ತಿಳಿದು ಒಂದು ದಿನ ಮನೆಯಲ್ಲಿ ಕಳೆದವರು ನನ್ನಲ್ಲಿಗೆ ಬಂದಿದ್ದಾರೆ. ಆ ಒಂದು ದಿನಕ್ಕೆ ತೆತ್ತ ಬೆಲೆ ದೊಡ್ಡದು. ಲೇಸರ್‌ನಿಂದ ಪಾಪೆಯ ಪರದೆಯಲ್ಲಿ ಒಂದು ಸಣ್ಣ ರಂಧ್ರ ಮಾಡಿದರೆ ಈ ಅಪಾಯವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಒತ್ತಡದ ಮಾತಾಯಿತು, ರಕ್ತನಾಳಗಳ ಮಾತು ಉಳಿದಿದೆ. ಜೋರಾಗಿ ಕೆಮ್ಮಿದ ಮರುದಿನ, ನಾಯಿಕೆಮ್ಮಿನ ಮಗುವಿನಲ್ಲಿ, ಬಸ್ಸಿನಲ್ಲಿ ವಾಂತಿ ಮಾಡಿಕೊಂಡವರಲ್ಲಿ ಬಿಳಿಗುಡ್ಡೆಯ ಮೇಲೆ ಕುಂಕುಮ ಚೆಲ್ಲಿದಂತೆ ಕೆಂಪು ಕಲೆ ಕಾಣಿಸುತ್ತದೆ. ನೋಡಿದವರು ಹೆದರುತ್ತಾರೆ. ನೋವಿಲ್ಲದೆ, ದೃಷ್ಟಿ ಸರಿಯಾಗಿದ್ದರೆ ಅದರಿಂದ ಅಪಾಯವಿಲ್ಲ. ಒಂದೆರಡು ವಾರದಲ್ಲಿ ತಾನೇ ಕರಗುತ್ತದೆ. ಅದೇ ರಕ್ತ ಒಳಗೆ, ಅಕ್ಷಿಪಟಲದ ನಡುಭಾಗದ ಮುಂದೆ ಸೋರಿದರೆ ಕಥೆ ಬೇರೆ. ಇದನ್ನು 1972ರಲ್ಲಿ ಅಮೆರಿಕದ ಥಾಮಸ್ ಡ್ವೇನ್ ಅವರು ವಾಲ್ಸಾಲ್ವಾ ರೆಟಿನೋಪತಿ ಎಂದು ವಿವರಿಸಿದರು. ಕೆಸರಿನಲ್ಲಿ ಹೂತ ಟ್ರ್ಯಾಕ್ಟರಿನ ಚಕ್ರಕ್ಕೆ ಹೆಗಲು ಕೊಟ್ಟು ನೂಕಿದ ಯುವಕನೊಬ್ಬ ಮಾರನೆಯ ಬೆಳಗ್ಗೆ ನನ್ನ ಮುಂದೆ ಕುಳಿತು, “ನಿಮ್ಮ ಮುಖ ಇರೋ ಜಾಗದಲ್ಲಿ ಕೆಂಪು ಪರದೆ ಇದೆ ಸಾರ್, ಸುತ್ತ ಎಲ್ಲ ಕಾಣ್ತದೆ” ಎಂದ. ಒಳಗೆ ನೋಡಿದರೆ ದೃಷ್ಟಿಯ ನಟ್ಟನಡುವೆ, ದೋಣಿಯ ಆಕಾರದಲ್ಲಿ, ಮೇಲೆ ಗೆರೆ ಕೊರೆದಂತೆ ಸಮಮಟ್ಟದಲ್ಲಿ ನಿಂತ ರಕ್ತ. ಸಾಮಾನ್ಯವಾಗಿ ಇದು ವಾರಗಳಿಂದ ತಿಂಗಳುಗಳ ಒಳಗೆ ಇಳಿದು ದೃಷ್ಟಿ ಮರಳುತ್ತದೆ. ರಕ್ತ ಹೆಚ್ಚಾಗಿದ್ದರೆ ಲೇಸರ್‌ನಿಂದ ಅದನ್ನು ಹಿಡಿದಿಟ್ಟ ತೆಳು ಪೊರೆಗೆ ತೂತು ಮಾಡಿ ಕೆಳಕ್ಕೆ ಹರಿಯಬಿಡುತ್ತಾರೆ. ಅವನಿಗೆ ಎರಡು ತಿಂಗಳಲ್ಲಿ ಪೂರ್ತಿ ದೃಷ್ಟಿ ಬಂತು. ಆದರೆ ಇಂಥದ್ದು ಕಂಡವರು ಸಕ್ಕರೆ ಕಾಯಿಲೆ ಇದೆಯೇ ಎಂದು ನೋಡಿಸಿಕೊಳ್ಳದೆ ಬಿಡಬಾರದು. ಸಕ್ಕರೆಯಿಂದ ಹುಟ್ಟಿದ ಬಲಹೀನ ನಾಳಗಳು ಅಷ್ಟೇ ಸುಲಭವಾಗಿ ಒಡೆಯುತ್ತವೆ.

ಪೊರೆ ಆಪರೇಷನ್ ಆದವರ ಮನೆಯಲ್ಲಿ ಏನೇನು ನಿಷೇಧಗಳಿರುತ್ತವೆ ಎಂಬುದು ನಮಗೆಲ್ಲ ಗೊತ್ತು. ಬಗ್ಗಬೇಡಿ, ಕೆಮ್ಮಬೇಡಿ, ಭಾರ ಎತ್ತಬೇಡಿ. ಕಪ್ಪುಗುಡ್ಡೆಯ ಅಂಚನ್ನು ಹತ್ತು ಹನ್ನೆರಡು ಮಿಲಿಮೀಟರ್ ಕತ್ತರಿಸಿ ಹೊಲಿಗೆ ಹಾಕುತ್ತಿದ್ದ ಕಾಲದ ಮಾತುಗಳು ಇವು. ಒಂದು ದೊಡ್ಡ ಕೆಮ್ಮಿಗೆ ಗಾಯ ಬಾಯಿ ಬಿಡುವ ಭಯ ಆಗ ನಿಜವಾಗಿತ್ತು. ಈಗಿನ ಫೇಕೋ ವಿಧಾನದಲ್ಲಿ ಗಾಯ ಮೂರು ಮಿಲಿಮೀಟರ್‌ಗಿಂತ ಚಿಕ್ಕದು, ತಾನೇ ಮುಚ್ಚಿಕೊಳ್ಳುವಂಥದ್ದು. ಆದರೂ ಮೊದಲ ಒಂದೆರಡು ವಾರ ನಾನು ಭಾರ ಬೇಡ ಎನ್ನುತ್ತೇನೆ, ಮತ್ತು ಅದಕ್ಕಿಂತ ಹೆಚ್ಚಾಗಿ ಶೌಚದ ವಿಷಯ ಕೇಳುತ್ತೇನೆ. ಕೊಡದ ನೀರು ಎತ್ತದೆ ಜೋಪಾನವಾಗಿದ್ದ ಅಜ್ಜಿ ಬಚ್ಚಲಿನಲ್ಲಿ ಹತ್ತು ನಿಮಿಷ ತಿಣುಕಿದರೆ ಆ ಜೋಪಾನಕ್ಕೆ ಅರ್ಥವಿಲ್ಲ. ಆಪರೇಷನ್‌ಗೆ ಮೊದಲೇ ಮಲಬದ್ಧತೆಯನ್ನು ಸರಿಮಾಡಿಕೊಳ್ಳಬೇಕು: ಸಾಕಷ್ಟು ನೀರು, ಸೊಪ್ಪು, ಬೇಕಾದರೆ ರಾತ್ರಿ ಇಸಬ್‌ಗೋಲ್. ಮೂತ್ರಕ್ಕೆ ತಿಣುಕುವ ಹಿರಿಯ ಗಂಡಸರು ಪ್ರಾಸ್ಟೇಟ್ ತೋರಿಸಿಕೊಳ್ಳಬೇಕು, ಮತ್ತು ಅದಕ್ಕೆ ತೆಗೆದುಕೊಳ್ಳುವ ಮಾತ್ರೆಯ ಹೆಸರನ್ನು ಕಣ್ಣಿನ ವೈದ್ಯರಿಗೆ ಹೇಳಬೇಕು. ಆ ಮಾತ್ರೆಗಳಲ್ಲಿ ಕೆಲವು ಆಪರೇಷನ್ ಹೊತ್ತಿನಲ್ಲಿ ಪಾಪೆ ಸರಿಯಾಗಿ ಅರಳದಂತೆ ಮಾಡುತ್ತವೆ. ಕೆಮ್ಮು ಇದ್ದರೆ ಮುಚ್ಚಿಡಬಾರದು. ಆಪರೇಷನ್ ಮೇಜಿನ ಮೇಲೆ, ಕಣ್ಣು ತೆರೆದಿರುವಾಗ ಬರುವ ಒಂದು ಬಲವಾದ ಕೆಮ್ಮಿನಿಂದ ಕೋರಾಯ್ಡ್‌ನ ಹಿಂದೆ ರಕ್ತಸ್ರಾವವಾಗುವುದು ಅಪರೂಪ. ಆದರೆ ಆದಾಗ ಕಣ್ಣನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ.

ಗರ್ಭಿಣಿಯರ ವಿಷಯ ಒಂದನ್ನು ಸ್ಪಷ್ಟವಾಗಿ ಹೇಳುತ್ತೇನೆ. ದೊಡ್ಡ ಮೈನಸ್ ನಂಬರಿನ ಕನ್ನಡಕ ಇರುವವರು ಹೆರಿಗೆಯಲ್ಲಿ ಮುಕ್ಕಿದರೆ ಅಕ್ಷಿಪಟಲ ಕಿತ್ತುಬರುತ್ತದೆ, ಆದ್ದರಿಂದ ಸಿಸೇರಿಯನ್ ಮಾಡಿಸಲೇಬೇಕು ಎಂಬ ಮಾತು ಇಂದಿಗೂ ನಡೆಯುತ್ತಿದೆ. ಹೆರಿಗೆಗೆ ಮುಂಚೆ ಮತ್ತು ನಂತರ ಇಂಥ ತಾಯಂದಿರ ಅಕ್ಷಿಪಟಲವನ್ನು ಪರೀಕ್ಷಿಸಿದ ಅಧ್ಯಯನಗಳಲ್ಲಿ ಹೊಸ ಹಾನಿ ಕಂಡುಬಂದಿಲ್ಲ. ಬರೀ ನಂಬರಿನ ಕಾರಣಕ್ಕೆ ಹೊಟ್ಟೆ ಕೊಯ್ಯಿಸಿಕೊಳ್ಳಬೇಕಾಗಿಲ್ಲ. ಮೊದಲೊಮ್ಮೆ ಪಾಪೆ ಅರಳಿಸಿ ಕಣ್ಣು ನೋಡಿಸಿಕೊಂಡರೆ ಸಾಕು.

ಪ್ರಶ್ನೆಗಳ ಹೊತ್ತಿನಲ್ಲಿ ಹಿಂದಿನ ಸಾಲಿನಿಂದ ನಲವತ್ತೈದರ ಆಸುಪಾಸಿನ ಒಬ್ಬರು ಎದ್ದು ನಿಂತರು. ಕಬ್ಬಿನ ಲಾರಿಗೆ ಲೋಡ್ ಮಾಡುವವರು. ಆರು ತಿಂಗಳಿಂದ ಗ್ಲಾಕೋಮಾಗೆ ರಾತ್ರಿ ಒಂದು ಹನಿ ಔಷಧ ಹಾಕುತ್ತಿದ್ದಾರೆ. ಜೇಬಿನಲ್ಲಿ ಮಡಿಸಿಟ್ಟಿದ್ದ ವರದಿಯನ್ನು ಕೊಟ್ಟರು. ರೋಗ ಮೊದಲ ಹಂತದಲ್ಲಿತ್ತು, ಔಷಧಕ್ಕೆ ಒತ್ತಡ ಚೆನ್ನಾಗಿ ಇಳಿದಿತ್ತು. ‘ಕೆಲಸ ಬಿಡಬೇಕಾ?’ ಎಂಬುದು ಅವರ ಪ್ರಶ್ನೆ. ವೇದಿಕೆಯ ಪಕ್ಕದಲ್ಲಿ 20 ಲೀಟರಿನ ತುಂಬಿದ ನೀರಿನ ಕ್ಯಾನು ಇತ್ತು. ಅದನ್ನು ದಿನಾ ಎತ್ತುವ ಹಾಗೆ ಹೆಗಲಿಗೆ ಎತ್ತಿ ಎಂದೆ. ಅವರು ಬಾಯಿ ಬಿಗಿದು, ದಮ್ಮು ಕಟ್ಟಿ, ಒಂದೇ ಎಳೆತಕ್ಕೆ ಎತ್ತಿದರು. ಕತ್ತಿನ ಬಲಭಾಗದ ನಾಳ ಹಗ್ಗದಂತೆ ಎದ್ದು ನಿಂತದ್ದು ಮೂರನೆಯ ಸಾಲಿನವರಿಗೂ ಕಂಡಿತು. ಇಳಿಸಿ ಸುಧಾರಿಸಿಕೊಂಡ ಮೇಲೆ, ಈಗ ಮೊಣಕಾಲು ಮಡಿಸಿ ಕ್ಯಾನನ್ನು ಮೈಗೆ ಹತ್ತಿಸಿಕೊಳ್ಳಿ, ಮೇಲೇಳುವಾಗ ಬಾಯಿಂದ ‘ಹೂ’ ಎಂದು ಉಸಿರು ಬಿಡುತ್ತ ಎತ್ತಿ ಎಂದೆ. ಮೊದಲ ಸಲ ಗಡಿಬಿಡಿಯಾಯಿತು. ಎರಡನೆಯ ಸಲ ಸರಿಯಾಗಿ ಎತ್ತಿದರು. ಕತ್ತಿನ ನಾಳ ಅಷ್ಟಾಗಿ ಏಳಲಿಲ್ಲ. ಅವರೇ ಕೈಯಿಂದ ಕತ್ತು ಮುಟ್ಟಿ ನೋಡಿಕೊಂಡರು.

“ಹಂಗಾದ್ರೆ ನಾಳೆ ಲೋಡಿಂಗ್‌ಗೆ ಹೋಗ್ಬೋದಾ ಡಾಕ್ಟ್ರೇ?” ಎಂದು ಕೇಳಿದರು. ಹೋಗಿ, ರಾತ್ರಿಯ ಹನಿ ಮಾತ್ರ ಒಂದು ದಿನವೂ ತಪ್ಪಬಾರದು ಎಂದೆ. ಗುರುವಾರ ಕೆಲಸದ ಬಟ್ಟೆಯಲ್ಲಿಯೇ ಬರಲು ಹೇಳಿ, ಎತ್ತುವ ಮೊದಲೊಮ್ಮೆ, ಎತ್ತಿದ ಮೇಲೊಮ್ಮೆ ಒತ್ತಡ ಅಳೆಯಬೇಕೆಂದು ಅವರ ವರದಿಯ ಹಿಂದೆ ಬರೆದುಕೊಟ್ಟೆ.